ಎಸ್‌ಎಸ್‌ಎಲ್‌ಸಿ ಪಾಠಗಳನ್ನು ಎಷ್ಟು ಓದಿದರೂ ಮರೆಯುವುದೇಕೆ?

ಮತ್ತೆ ಮತ್ತೆ ಓದಿದಾಗ ಪಾಠ ಪರಿಚಿತವಾಗುತ್ತದೆ. ಮನಸ್ಸು ಆ ಪರಿಚಯವನ್ನೇ ಕಲಿಕೆ ಎಂದು ನಂಬಿಬಿಡುತ್ತದೆ. ಪರೀಕ್ಷೆಗೆ ಬೇಕಾದದ್ದು ಪುಸ್ತಕವಿಲ್ಲದೆ ನೆನಪಿಸಿಕೊಳ್ಳುವ ಶಕ್ತಿ. ಅದಕ್ಕೆ ಬೇರೆಯೇ ಅಭ್ಯಾಸ ಬೇಕು.

ಮಂಗಳೂರಿನ ವಿದ್ಯಾರ್ಥಿಗೆ 1784ರ ಮಂಗಳೂರು ಒಪ್ಪಂದವೇ ಒಳ್ಳೆಯ ಉದಾಹರಣೆ. ಪಾಠ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಬೇಕು: ಯಾವ ಯುದ್ಧ ಮುಗಿಯಿತು? ಯಾರ ನಡುವಿನ ಒಪ್ಪಂದ? ಗೆದ್ದ ಪ್ರದೇಶಗಳು ಏನಾದವು? ಎರಡನೇ ಆಂಗ್ಲೋ-ಮೈಸೂರು ಯುದ್ಧ. ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪನಿ. ಪ್ರದೇಶಗಳು ಪರಸ್ಪರ ವಾಪಸಾದವು. ಇಷ್ಟು ಬಂದಿದೆಯೇ ಎಂದು ಆಮೇಲೆ ಪುಸ್ತಕ ತೆರೆದು ನೋಡಿ, ತಪ್ಪಿದ್ದನ್ನಷ್ಟೇ ಮತ್ತೆ ಓದಿದರೆ ಸಾಕು.

ಮರುದಿನ, ವಾರದ ಬಳಿಕ, ತಿಂಗಳ ಬಳಿಕ ಇದನ್ನೇ ಪುನಃ ಬರೆಯಬೇಕು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಹೆಚ್ಚು ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಕಟಿಸಿದ್ದರು. ನಡುವೆ ಬಿಡುವು ಕೊಟ್ಟು ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದು ಖಂಡಿತ ಸಲ್ಲದು. ನೆನಪು ಗಟ್ಟಿಯಾಗುವುದಕ್ಕೆ ನಿದ್ದೆ ಬೇಕೇ ಬೇಕು.

ಗಣಿತಕ್ಕಂತೂ ಲೆಕ್ಕ ಬಿಡಿಸುವುದೇ ಪುನರಾವರ್ತನೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಟ್ಟುಕೊಂಡು ಪೂರ್ತಿ ಬರೆಯಬೇಕು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 500 ಅಂಕ ಇರುವುದು ಲಿಖಿತ ಪರೀಕ್ಷೆಗೇ.