ಕೀಲಿಕೈ ಒಬ್ಬರಲ್ಲಿ, ಲೆಕ್ಕ ಇನ್ನೊಬ್ಬರಲ್ಲಿ

2025ರ ಮೇ ಕೊನೆಯ ವಾರ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಲ್ಲಿ ಸುಮಾರು 59 ಕೆ.ಜಿ. ಬಂಗಾರ ಕಳುವಾದದ್ದು ಗೊತ್ತಾಯಿತು. ಬಹುಪಾಲು ಜನ ಕಷ್ಟಕಾಲಕ್ಕೆ ಅಡ ಇಟ್ಟಿದ್ದ ಒಡವೆ ಅದು. ಮುಂದಿನ ತಿಂಗಳು ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು. ಅಲ್ಲಿ ಕೆಲಸದಲ್ಲಿದ್ದಾಗಲೇ ನಕಲಿ ಕೀಲಿಕೈ ಮಾಡಿಸಿಕೊಂಡು, ಬೇರೆ ಕಡೆ ವರ್ಗವಾದ ಮೇಲೆ ಕೃತ್ಯ ನಡೆಸಲಾಯಿತು ಎಂಬುದು ಪೊಲೀಸರ ಆರೋಪ. ಅದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಆದರೆ ಮನಗೂಳಿಯಿಂದ ಹೆದ್ದಾರಿ ಹಿಡಿದು ವಿಜಯಪುರ, ಸಿಂದಗಿ ದಾಟಿ ಬಂದರೆ ಸಿಗುವ ಜೇವರ್ಗಿ ತಾಲ್ಲೂಕಿನ ನೆಲೋಗಿಯಂಥ ಊರುಗಳಲ್ಲಿ ಅಂಗಡಿ, ಗೋದಾಮು, ಸಹಕಾರ ಸಂಘ ನಡೆಸುವವರು ತೀರ್ಪಿಗೆ ಕಾಯದೆ ಯೋಚಿಸಬೇಕಾದ ವಿಷಯವೊಂದು ಇಲ್ಲಿದೆ. ಬೇಲಿಯೇ ಎದ್ದು ಹೊಲ ಮೇಯುವ ಅಪಾಯ ಇರುವಾಗ ನಾವು ಕಾಯುತ್ತಿರುವುದು ಯಾರನ್ನು?

ಸಾಮಾನ್ಯವಾಗಿ ಕಣ್ಣು ಹೋಗುವುದು ಕೆಳಗಿನವರ ಮೇಲೆ. ಸಂಜೆ ಹಮಾಲರ ಟವೆಲ್ ಕೊಡವಿಸುತ್ತಾರೆ, ಕಸ ಗುಡಿಸುವ ಹೆಂಗಸಿನ ಚೀಲ ನೋಡುತ್ತಾರೆ. ಹಮಾಲರ ಕಿಸೆಯಲ್ಲಿ ಹೋದರೆ ಒಂದು ಬೊಗಸೆ ತೊಗರಿ ಹೋದೀತು. ಲಾರಿಗಟ್ಟಲೆ ಮಾಲು ಹೋಗಬೇಕಾದರೆ ಪುಸ್ತಕದ ಸಹಾಯ ಬೇಕೇ ಬೇಕು. ಪಕ್ಕದ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ 2023ರ ನವೆಂಬರ್‌ನಲ್ಲಿ ಪಡಿತರ ಗೋದಾಮಿನಿಂದ ಆರು ಸಾವಿರ ಕ್ವಿಂಟಲ್‌ಗೂ ಮಿಕ್ಕಿ ಅಕ್ಕಿ ಕಾಣೆಯಾದದ್ದು ಬೆಳಕಿಗೆ ಬಂತು. 50 ಕೆ.ಜಿ. ಚೀಲವೆಂದು ಹಿಡಿದರೂ ಅದು 12 ಸಾವಿರ ಚೀಲ. ಯಾರ ಕೈವಾಡ ಇದ್ದರೂ ಸರಿ, ಪುಸ್ತಕದಲ್ಲಿ ಇರುವುದಕ್ಕೂ ನೆಲದ ಮೇಲೆ ಇರುವುದಕ್ಕೂ ಹೊರಗಿನವರೊಬ್ಬರು ಆಗಾಗ ತಾಳೆ ಹಾಕಿದ್ದರೆ ಇಷ್ಟು ದೊಡ್ಡ ಕೊರತೆ ಬೆಳೆಯುತ್ತಲೇ ಇರಲಿಲ್ಲ. ನನ್ನ ವಾದ ಇಷ್ಟೇ: ಮಾಲು, ಕೀಲಿಕೈ, ಲೆಕ್ಕ ಈ ಮೂರೂ ಒಂದೇ ಕೈಯಲ್ಲಿ ಇರಬಾರದು. ಆ ಕೈ ಎಷ್ಟೇ ನಂಬಿಕಸ್ಥರದ್ದಾಗಿರಲಿ.

ಎಲ್ಲರನ್ನೂ ಅನುಮಾನಿಸಿ ಕಾಯುವ ದಾರಿಯ ಫಲವನ್ನು ಕರ್ನಾಟಕ ಹಿಂದೆಯೇ ಕಂಡಿದೆ. ಕೋಲಾರದ ಚಿನ್ನದ ಗಣಿಯಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪನಿ ಹೊರಟಾಗ, 1930ರಲ್ಲಿ ಸಾವಿರಾರು ಜನ ಮೂರು ವಾರ ಗಣಿಗೆ ಇಳಿಯಲಿಲ್ಲ. ತಮ್ಮನ್ನು ಅಪರಾಧಿಗಳಂತೆ ಕಂಡರೆಂಬ ಸಿಟ್ಟು ಅದು. ಅಂಥ ಸಿಟ್ಟು ಹುಟ್ಟಿದ ಕಡೆ ಮಾಲೀಕರ ಕಿವಿಗೆ ಸುದ್ದಿ ಮುಟ್ಟುವುದಿಲ್ಲ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಸ್ಥೆಯೊಂದು 2024ರಲ್ಲಿ 1,921 ಪ್ರಕರಣಗಳನ್ನು ಪರಿಶೀಲಿಸಿದಾಗ, ಶೇ 43ರಷ್ಟು ಬಯಲಾದದ್ದು ಯಾರೋ ಕೊಟ್ಟ ಸುಳಿವಿನಿಂದ. ಆ ಸುಳಿವುಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ನೌಕರರಿಂದಲೇ. ಅವಮಾನಕ್ಕೆ ಒಳಗಾದ ಹಮಾಲರು ಮುನೀಮರ ಕಳ್ಳತನ ಕಂಡರೂ ಬಾಯಿ ಬಿಡುವುದಿಲ್ಲ.

ಹಾಗಾದರೆ ಕೈ ಬೇರೆ ಮಾಡುವುದು ಹೇಗೆ? ತೊಗರಿ ಗೋದಾಮನ್ನೇ ನೋಡಿ. ಹೊಸ ತೊಗರಿ ಇಟ್ಟಲ್ಲೇ ಒಣಗಿ ತೂಕ ಇಳಿಯುತ್ತದೆ, ಇಲಿ ತಿನ್ನುತ್ತದೆ, ಚೀಲ ಹರಿದು ಚೆಲ್ಲುತ್ತದೆ. ಕಳುವಿಗೆ ಇವೇ ಮರೆ; ಎಷ್ಟು ಕಡಿಮೆ ಬಿದ್ದರೂ ‘ಒಣಗಿತು’ ಎಂಬ ಒಂದೇ ಉತ್ತರ. ಬಂದಾಗ ತೂಗಿದವರೊಬ್ಬರು, ಹೋಗುವಾಗ ತೂಗಿದವರು ಇನ್ನೊಬ್ಬರು, ಚೀಟಿ ನೋಡಿ ಪುಸ್ತಕ ಬರೆಯುವವರು ಮೂರನೆಯವರು ಆದರೆ, ಎರಡು ಹಂಗಾಮಿನಲ್ಲಿ ಒಣಗುವ ಪ್ರಮಾಣ ಎಷ್ಟೆಂದು ಕಾಣತೊಡಗುತ್ತದೆ. ಒಣಗುವುದು ಮೆಲ್ಲಗೆ, ಎಲ್ಲ ಲಾಟಿನಲ್ಲೂ ಹೆಚ್ಚುಕಡಿಮೆ ಒಂದೇ ಸಮ. ಕಳುವು ಹಾಗಲ್ಲ, ಒಂದೇ ಲಾಟಿನಲ್ಲಿ, ಒಂದೇ ವಾರದಲ್ಲಿ ಗುಳಿ ಬಿದ್ದಂತೆ ಕಾಣುತ್ತದೆ. ರಜೆಯೂ ಒಂದು ಪರೀಕ್ಷೆ; ಬೇರೆಯವರು ಆ ಜಾಗದಲ್ಲಿ ಕೂತಾಗ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದ್ದು ಇದಕ್ಕೇ. ಒಂದು ದಿನವೂ ರಜೆ ಹಾಕದ ಗುಮಾಸ್ತರನ್ನು ಹೊಗಳುವ ರೂಢಿ ನಮ್ಮಲ್ಲಿದೆ. ಅವರಿಗೂ ರಜೆ ಕೊಟ್ಟು, ಆ ಹತ್ತು ದಿನ ಪುಸ್ತಕ ಬೇರೆಯವರು ಬರೆಯಲಿ. ಕೆಲಸ ಬಿಟ್ಟವರ, ವರ್ಗವಾದವರ ಕೀಲಿಕೈ ಹಿಂದಕ್ಕೆ ಪಡೆದರೆ ಸಾಲದು, ಕೀಲಿಯನ್ನೇ ಬದಲಿಸಬೇಕು.

‘ಇರುವುದೇ ಇಬ್ಬರು ಆಳು, ಮೂರು ಕೈ ಎಲ್ಲಿಂದ ತರೋಣ’ ಎಂಬ ಮಾತು ನ್ಯಾಯವಾದದ್ದೇ. ಅಲ್ಲಿ ಮೂರನೆಯ ಕೈ ಮಾಲೀಕರದೇ ಆಗಬೇಕು. ಗೊತ್ತು ಮಾಡದ ದಿನ ಬಂದು ಒಂದೇ ಮೂಲೆಯ ಚೀಲ ಎಣಿಸಿ ಪುಸ್ತಕ ನೋಡಿದರೆ ಸಾಕು. ‘ಹೊಟ್ಟೆಗಿಲ್ಲದೆ ಕದಿಯುತ್ತಾರೆ’ ಎನ್ನುವವರ ಮಾತನ್ನೂ ತಳ್ಳಿಹಾಕಲಾರೆ. ನಂಬಿಕೆದ್ರೋಹಕ್ಕಾಗಿ ಜೈಲಿನಲ್ಲಿದ್ದವರನ್ನು ಮಾತಾಡಿಸಿ ಅಮೆರಿಕದ ಡೊನಾಲ್ಡ್ ಕ್ರೆಸಿ 1953ರಲ್ಲಿ ಬರೆದ ಪುಸ್ತಕದಲ್ಲಿ, ಯಾರ ಮುಂದೆಯೂ ಹೇಳಿಕೊಳ್ಳಲಾಗದ ಹಣದ ತೊಂದರೆಯೇ ಮೊದಲ ಹೆಜ್ಜೆ ಎಂದು ಕಂಡುಕೊಂಡರು. ತಿಂಗಳ ಸಂಬಳ ಹೊತ್ತಿಗೆ ಕೊಡುವ, ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ಕೇಳಲು ಬಾಗಿಲು ತೆರೆದಿಡುವ ಮಾಲೀಕರು ಆ ಹೆಜ್ಜೆಯನ್ನೇ ತಡೆಯುತ್ತಾರೆ. ಆದರೆ ದೊಡ್ಡ ಸಂಬಳದ ಕುರ್ಚಿಗಳ ಮೇಲೂ ಇಂಥ ಆರೋಪ ಬಂದಿರುವುದರಿಂದ, ಬಡತನ ಒಂದರ ಮೇಲೇ ಇದನ್ನು ಹೊರಿಸುವಂತಿಲ್ಲ.

ಕೊರತೆ ಕಂಡ ಕೂಡಲೇ ಸಿಕ್ಕವರ ಸಂಬಳ ಮುರಿಯುವುದು ಮಾತ್ರ ತಪ್ಪು. ನೌಕರರ ವಿವರಣೆ ಕೇಳದೆ ಹಾಗೆ ಕಡಿತ ಮಾಡಲು ಕಾನೂನು ಒಪ್ಪುವುದಿಲ್ಲ. ಕಳುವು ಖಚಿತವಾದರೆ ಪೊಲೀಸ್ ಠಾಣೆ ಇದೆ, ನೌಕರರೇ ಕದ್ದರೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸುವ ಕಲಂ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಆದರೆ ಠಾಣೆಗೆ ಹೋಗುವುದು ಮಾಲು ಹೋದ ಮೇಲಿನ ಮಾತು. ಈ ಸಲದ ತೊಗರಿ ಗೋದಾಮಿಗೆ ಬರುವ ಮೊದಲೇ ಹಳೆಯ ಕೀಲಿಗಳನ್ನು ಬದಲಿಸಿ, ತೂಕದ ಪುಸ್ತಕವನ್ನು ಕೀಲಿಕೈ ಇಲ್ಲದವರ ಕೈಗೆ ಕೊಡಿ.