ಸಂಸ್ಕೃತಿ ಅಧ್ಯಯನ: ಇದು ಯಾವ ಓದು, ಇದಕ್ಕೆ ನೆರವು ಏಕೆ?

ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. ಎಂದು ಬರೆದ ಅರ್ಜಿ ಬಂದರೆ ದಾನಿಗಳಿಗಾಗಲೀ ಆಯ್ಕೆ ಸಮಿತಿಗಾಗಲೀ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ‘ಸಂಸ್ಕೃತಿ ಅಧ್ಯಯನದಲ್ಲಿ ಪಿಎಚ್.ಡಿ.’ ಎಂದಿದ್ದರೆ ಮಾತ್ರ ಕೈ ತಡೆಯುತ್ತದೆ. ಇದೇನು ಸಂಸ್ಕೃತ ಭಾಷೆಯ ಓದೇ? ನಾಟಕ, ಸಂಗೀತದ ತರಬೇತಿಯೇ? ಮುಗಿದ ಮೇಲೆ ಕೆಲಸ ಏನು? ಮನೆಯ ಹಿರಿಯರೂ ಇದನ್ನೇ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದ್ದರಿಂದ ಈ ವರ್ಷದ ವರದಿಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಈ ವಿಷಯಕ್ಕೆ ಹೆಸರು ತಂದ ಕೇಂದ್ರ 1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಸ್ಥಾಪಕರಾದ ರಿಚರ್ಡ್ ಹೊಗಾರ್ಟ್ ಲೀಡ್ಸ್ ನಗರದ ಕಾರ್ಮಿಕರ ಬಡಾವಣೆಯವರು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆದು, ವಿದ್ಯಾರ್ಥಿವೇತನದ ಬಲದಿಂದ ಓದಿದವರು. 1957ರ ತಮ್ಮ ‘ದಿ ಯೂಸಸ್ ಆಫ್ ಲಿಟರಸಿ’ ಪುಸ್ತಕದಲ್ಲಿ ಅವರು ವಿದ್ಯಾರ್ಥಿವೇತನದ ಹುಡುಗನ ಬಗ್ಗೆಯೇ ಬರೆದಿದ್ದಾರೆ. ಓದುತ್ತ ಹೋದಂತೆ ಅವನು ಮನೆಯವರ ಮಾತುಕತೆಯಿಂದ ದೂರವಾಗುತ್ತಾನೆ, ಹೊಸ ಜನರ ನಡುವೆಯೂ ಪೂರ್ತಿ ಬೆರೆಯಲಾರ. ನಮ್ಮ ಕುಟುಂಬಗಳಲ್ಲಿ ಮೊದಲ ಸಲ ಪದವಿ ಪಡೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಾನಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಆ ಕೇಂದ್ರ ನಡೆಯಲು ಆಧಾರವಾದದ್ದು ಪೆಂಗ್ವಿನ್ ಪ್ರಕಾಶನದ ಸ್ಥಾಪಕ ಅಲೆನ್ ಲೇನ್ ನೀಡಿದ ದೇಣಿಗೆ. ಆ ನೆರವಿನಿಂದಲೇ ಸ್ಟುವರ್ಟ್ ಹಾಲ್ ಎಂಬ ಯುವಕನನ್ನು ನೇಮಿಸಿಕೊಳ್ಳಲಾಯಿತು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಹಾಲ್ 1951ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಬಂದವರು. ಹೊಗಾರ್ಟ್ ನಂತರ ಕೇಂದ್ರವನ್ನು 1979ರವರೆಗೆ ನಡೆಸಿದವರು ಅವರೇ.

ಅಲ್ಲಿ ಏನು ಓದುತ್ತಿದ್ದರು? ಒಂದು ಉದಾಹರಣೆ ಸಾಕು. 1972ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್ ಬಡಾವಣೆಯಲ್ಲಿ ಮೂವರು ಹುಡುಗರು ಒಬ್ಬರ ಮೇಲೆ ಹಲ್ಲೆ ಮಾಡಿ, ಚಿಲ್ಲರೆ ಹಣ, ಕೀಲಿಕೈ, ಸಿಗರೇಟು ದೋಚಿದರು. ಮರುವರ್ಷ ನ್ಯಾಯಾಲಯ ಒಬ್ಬನಿಗೆ 20 ವರ್ಷ, ಇಬ್ಬರಿಗೆ ತಲಾ 10 ವರ್ಷ ಶಿಕ್ಷೆ ವಿಧಿಸಿತು. ಪತ್ರಿಕೆಗಳಲ್ಲಿ ಆಗ ‘ಮಗ್ಗಿಂಗ್’ ಎಂಬ, ಅಮೆರಿಕದಿಂದ ಬಂದ ಪದದ ಅಬ್ಬರ. ಹಾಲ್ ಮತ್ತು ಸಂಗಡಿಗರು ಅಪರಾಧ ನಡೆದೇ ಇಲ್ಲ ಎನ್ನಲಿಲ್ಲ. ಗಾಯಗೊಂಡವರ ನೋವನ್ನೂ ಅಲ್ಲಗಳೆಯಲಿಲ್ಲ. ಬೀದಿಯ ದರೋಡೆ ಹಿಂದಿನಿಂದಲೂ ಇದ್ದದ್ದೇ, ಈಗ ಅದಕ್ಕೆ ಹೊಸ ಹೆಸರು ಏಕೆ ಬಂತು? ಆ ಹೆಸರು ಕಪ್ಪು ಜನರ ಹುಡುಗರಿಗೇ ಏಕೆ ಅಂಟಿತು? ಇದು ಅವರ ಪ್ರಶ್ನೆ. ಪೊಲೀಸರು, ನ್ಯಾಯಾಧೀಶರು ಹೇಳಿದ್ದು ಮೊದಲು ಸುದ್ದಿಯಾಗುತ್ತದೆ. ಆ ಸುದ್ದಿಯಿಂದ ಜನರಲ್ಲಿ ಭಯ ಹುಟ್ಟುತ್ತದೆ. ಆ ಭಯವನ್ನೇ ತೋರಿಸಿ ಇನ್ನಷ್ಟು ಕಠಿಣ ಕ್ರಮ ಕೈಗೊಳ್ಳಲಾಗುತ್ತದೆ. ಈ ಸುತ್ತನ್ನು ಐವರು ಲೇಖಕರು ಸೇರಿ 1978ರ ‘ಪೊಲೀಸಿಂಗ್ ದ ಕ್ರೈಸಿಸ್’ ಪುಸ್ತಕದಲ್ಲಿ ಎಳೆಎಳೆಯಾಗಿ ತೋರಿಸಿದರು. ಅದಕ್ಕೆ ಪತ್ರಿಕೋದ್ಯಮ, ಕಾನೂನು, ಸಮಾಜಶಾಸ್ತ್ರ, ಇತಿಹಾಸ, ಭಾಷೆ ಎಲ್ಲವೂ ಬೇಕಾಯಿತು. ಯಾವುದೇ ಒಂದು ವಿಭಾಗದಲ್ಲಿ ಕುಳಿತು ಈ ಕೆಲಸ ಆಗುತ್ತಿರಲಿಲ್ಲ. ಅಂತರಶಿಸ್ತೀಯ ಅಧ್ಯಯನ ಎನ್ನುವುದು ಇದಕ್ಕೇ. ಒಂದು ಸಮುದಾಯದ ಹೆಸರು ಸುದ್ದಿಯಲ್ಲಿ ಹೇಗೆ ಬರುತ್ತದೆ ಎಂಬ ಪ್ರಶ್ನೆ ನಮಗೆ ದೂರದ್ದೇನಲ್ಲ.

ಆ ವಿಭಾಗವನ್ನು ವಿಶ್ವವಿದ್ಯಾಲಯ 2002ರಲ್ಲಿ ಮುಚ್ಚಿತು. ಅಷ್ಟರಲ್ಲಿ ಅಲ್ಲಿ ಓದಿದವರು ಹಲವು ದೇಶಗಳಲ್ಲಿ ಪಾಠ ಹೇಳುತ್ತಿದ್ದರು.

ನಮ್ಮಲ್ಲಿ ಈ ದಾರಿಯ ಓದಿಗೆ ಹತ್ತಿರದ ಮಾದರಿ ರಹಮತ್ ತರೀಕೆರೆಯವರದು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಕರ್ನಾಟಕದ ಸೂಫಿಗಳನ್ನೂ ಮೊಹರಂ ಆಚರಣೆಯನ್ನೂ ಊರೂರು ತಿರುಗಿ ಅಧ್ಯಯನ ಮಾಡಿದರು. ಗ್ರಂಥಾಲಯದಲ್ಲಿ ಸಿಗದ ಹಾಡು, ಕಥೆ, ನಂಬಿಕೆಗಳು ದರ್ಗಾಗಳ ಅಂಗಳದಲ್ಲಿ, ಹಳ್ಳಿಯ ಹಾಡುಗಾರರ ಬಾಯಲ್ಲಿ ಸಿಕ್ಕವು. ಅವರ ‘ಕತ್ತಿಯಂಚಿನ ದಾರಿ’ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಬರೆದಿಡುವವರಿಲ್ಲದಿದ್ದರೆ ಇಂಥ ಹಾಡುಗಳು ಹಾಡುಗಾರರೊಂದಿಗೇ ಹೋಗಿಬಿಡುತ್ತವೆ.

ಇನ್ನು ಮನೆಯವರ ಪ್ರಶ್ನೆಗೆ ಬರೋಣ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಮಾಧ್ಯಮ ಮತ್ತು ಸಂಸ್ಕೃತಿ ಅಧ್ಯಯನದ ಎಂ.ಎ. ಇದೆ. ಓದಿದವರು ಅಧ್ಯಾಪನ, ಪತ್ರಿಕೋದ್ಯಮ, ಸಾಕ್ಷ್ಯಚಿತ್ರ, ವಸ್ತುಸಂಗ್ರಹಾಲಯ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಹುಡುಕಿಕೊಳ್ಳುತ್ತಾರೆ. ಎಂಜಿನಿಯರಿಂಗ್‌ನಂತೆ ಓದು ಮುಗಿಯುವ ಮೊದಲೇ ನೌಕರಿ ಸಿಗುವ ದಾರಿ ಇದಲ್ಲ. ಹಾಗೆಂದು ಯಾರಿಗೂ ಭರವಸೆ ಕೊಡಬಾರದು. ಯುಜಿಸಿ-ನೆಟ್‌ನಲ್ಲಿ ಜೆಆರ್‌ಎಫ್ ಗಳಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅದು ಸಿಗದವರ ಪಾಡು ಕಷ್ಟ. ಅಲ್ಪಸಂಖ್ಯಾತರ ಸಂಶೋಧನೆಗಾಗಿ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022–23ರಿಂದ ನಿಲ್ಲಿಸಿದ ಮೇಲೆ, ಎಂ.ಎ. ಮುಗಿಸಿ ಜೆಆರ್‌ಎಫ್‌ಗೆ ಸಿದ್ಧರಾಗುವ ಒಂದೆರಡು ವರ್ಷ ದಾಟುವುದೇ ಬಡ ಮನೆಯ ಮಕ್ಕಳಿಗೆ ದೊಡ್ಡದು. ಹೆಣ್ಣುಮಕ್ಕಳ ಓದು ಹೆಚ್ಚಾಗಿ ನಿಲ್ಲುವುದೂ ಇಲ್ಲೇ. ಪರೀಕ್ಷೆಯ ಶುಲ್ಕ, ಹಾಸ್ಟೆಲ್ಲು, ಪುಸ್ತಕ, ಕ್ಷೇತ್ರಕಾರ್ಯದ ಬಸ್ ಚಾರ್ಜು: ಟ್ರಸ್ಟಿನ ನೆರವು ಈ ಅವಧಿಗೆ ಬೇಕಾಗಿದೆ.

ಈ ವಿಭಾಗದಲ್ಲಿ ಅರ್ಜಿ ಹಾಕುವವರು ಅಂಕಪಟ್ಟಿಯ ಜೊತೆಗೆ ತಾವು ಏನನ್ನು ಅಧ್ಯಯನ ಮಾಡಬಯಸುತ್ತೀರಿ ಎಂಬುದನ್ನು ಎರಡು ಪುಟದಲ್ಲಿ ಬರೆದು ಲಗತ್ತಿಸಬೇಕು. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಆದೀತು. ಮನೆಯಲ್ಲಿ ತಂದೆತಾಯಿಗೆ ಓದಿ ಹೇಳಿದರೆ ಅರ್ಥವಾಗುವಂತೆ ಬರೆಯಿರಿ.