ಸಮುದಾಯ ಬೆಂಬಲಿತ ಕೃಷಿ: ಫಸಲಿನ ಪಾಲು ಮತ್ತು ನಷ್ಟದ ಪಾಲು

ಮಳೆ, ಕೀಟ, ರೋಗ ಮತ್ತು ಮಾರುಕಟ್ಟೆಯ ಏರಿಳಿತ ಇವುಗಳಲ್ಲಿ ಯಾವುದೂ ಕೃಷಿಕನ ಅಧೀನದಲ್ಲಿಲ್ಲ. ಆದರೆ ಇವುಗಳಿಂದ ಒದಗುವ ನಷ್ಟವನ್ನು ಬಹುಮಟ್ಟಿಗೆ ಹೊರುವುದು ಕೃಷಿಕ ಕುಟುಂಬವೊಂದೇ. ಬೆಳೆಯನ್ನು ಉಣ್ಣುವವರು ಈ ನಷ್ಟದಲ್ಲಿಯೂ ಭಾಗಿಗಳಾಗಬೇಕೆಂಬ ತತ್ತ್ವದ ಮೇಲೆ ರೂಪುಗೊಂಡ ವ್ಯವಸ್ಥೆಯನ್ನು ‘ಸಮುದಾಯ ಬೆಂಬಲಿತ ಕೃಷಿ’ ಎಂದು ಕರೆಯಲಾಗುತ್ತದೆ. ಇದನ್ನು ಮಧ್ಯವರ್ತಿಗಳಿಲ್ಲದ ನೇರ ಮಾರಾಟವೆಂದು ವಿವರಿಸುವುದುಂಟು. ಈ ವಿವರಣೆ ಅಪೂರ್ಣವಾದುದು. ನೇರ ಮಾರಾಟದಲ್ಲಿ ಕೊಳ್ಳುವವನು ಬೆಳೆದು ಬಂದ ಪದಾರ್ಥಕ್ಕೆ ಬೆಲೆ ತೆರುತ್ತಾನೆ. ಇಲ್ಲಿಯಾದರೋ ಬೆಳೆಯುವ ಕ್ರಿಯೆಗೇ ವೆಚ್ಚ ಭರಿಸುತ್ತಾನೆ. ಈ ಭೇದವು ಹೇಗೆ ಮೂಡಿತು, ಅದು ಮರೆಯಾದಾಗ ಏನಾಗುತ್ತದೆ ಮತ್ತು ಕರ್ನಾಟಕದ ಸಂದರ್ಭದಲ್ಲಿ ಅದರ ಅರ್ಥವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಪಾನಿನ ‘ತೇಯ್ಕೇಯ್’

ಎರಡನೆಯ ಮಹಾಯುದ್ಧದ ತರುವಾಯ ಜಪಾನ್ ತೀವ್ರಗತಿಯಲ್ಲಿ ಕೈಗಾರಿಕೀಕರಣಗೊಂಡಿತು. 1956ರಲ್ಲಿ ಅಧಿಕೃತವಾಗಿ ಗುರುತಿಸಲ್ಪಟ್ಟ ಮಿನಮಾತಾ ಪಾದರಸ ವಿಷಬಾಧೆಯು ಆಹಾರದ ಬಗ್ಗೆ ಜನರಲ್ಲಿದ್ದ ನಂಬಿಕೆಯನ್ನು ಅಲುಗಾಡಿಸಿತು. ಕೀಟನಾಶಕಗಳ ಬಳಕೆಯೂ ಆತಂಕವನ್ನು ಹೆಚ್ಚಿಸಿತು. ಈ ಹಿನ್ನೆಲೆಯಲ್ಲಿ, ಸಹಕಾರಿ ಚಳವಳಿಯಿಂದ ಬಂದ ತೆರುವೊ ಇಚಿರಾಕು ಅವರ ಮುಂದಾಳತ್ವದಲ್ಲಿ 1971ರಲ್ಲಿ ಜಪಾನ್ ಸಾವಯವ ಕೃಷಿ ಸಂಘವು ಸ್ಥಾಪನೆಗೊಂಡಿತು. ಗ್ರಾಹಕರ ಗುಂಪುಗಳೂ ರೈತರೂ ನೇರವಾಗಿ ಕೈಜೋಡಿಸುವ ‘ತೇಯ್ಕೇಯ್’ ಪದ್ಧತಿಯು ಇದರ ಆಶ್ರಯದಲ್ಲಿ ಬೆಳೆಯಿತು. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ‘ಸಹಯೋಗ’ ಎಂದರ್ಥ.

1978ರಲ್ಲಿ ಸಂಘವು ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹ. ಪರಸ್ಪರ ಸಮಾಲೋಚನೆಯಿಂದ ಯೋಜಿಸಿ ಬೆಳೆದ ಬೆಳೆಯಲ್ಲಿ ರೈತನು ತಲುಪಿಸಿದ್ದೆಲ್ಲವನ್ನೂ ಗ್ರಾಹಕರು ಸ್ವೀಕರಿಸಬೇಕೆಂಬುದು ಒಂದು. ವಿಂಗಡಣೆ ಮತ್ತು ಪೊಟ್ಟಣ ಕಟ್ಟುವ ಶ್ರಮ ಉಳಿಯುವುದನ್ನು ಗಮನದಲ್ಲಿಟ್ಟು, ಉಭಯರ ಹಿತಕ್ಕೂ ಒಪ್ಪುವಂತೆ ಬೆಲೆಯನ್ನು ನಿಗದಿಗೊಳಿಸಬೇಕೆಂಬುದು ಮತ್ತೊಂದು. ಡೊಂಕಾದ ಮೂಲಂಗಿಯನ್ನೂ ಹುಳು ಕಚ್ಚಿದ ಎಲೆಕೋಸನ್ನೂ ತಿರಸ್ಕರಿಸುವ ಹಕ್ಕನ್ನು ಗ್ರಾಹಕನು ಇಲ್ಲಿ ತಾನಾಗಿಯೇ ಬಿಟ್ಟುಕೊಡುತ್ತಾನೆ. ಸಾಗಣೆ ಹಾಗೂ ಹಂಚಿಕೆಯ ಹೊಣೆಯೂ ಮಾರುಕಟ್ಟೆಯದಲ್ಲ, ಈ ಎರಡು ಪಕ್ಷಗಳದೇ.

ಅಮೆರಿಕದ ಎರಡು ಮಾದರಿಗಳು

ಈ ಪದ್ಧತಿಯು ಜಪಾನಿನಿಂದ ಅಮೆರಿಕಕ್ಕೆ ಹೋಯಿತೆಂಬ ಮಾತು ಪ್ರಚಲಿತದಲ್ಲಿದೆ. ಆದರೆ ಅಲ್ಲಿನ ಮೊದಲ ಎರಡು ತೋಟಗಳ ಪ್ರೇರಣೆ ಮುಖ್ಯವಾಗಿ ಯೂರೋಪಿನದು. ಮಸಾಚುಸೆಟ್ಸ್‌ನ ಸೌತ್ ಎಗ್ರೆಮಾಂಟ್‌ನಲ್ಲಿರುವ ಇಂಡಿಯನ್ ಲೈನ್ ತೋಟದಲ್ಲಿ ರಾಬಿನ್ ವ್ಯಾನ್ ಎನ್ ಅವರೊಡನೆ ಕೈಜೋಡಿಸಿದ ಯಾನ್ ವ್ಯಾಂಡರ್ ಟ್ಯೂನ್ ಅವರಿಗೆ ಸ್ವಿಟ್ಜರ್ಲೆಂಡಿನ ಅನುಭವವಿತ್ತು. ನ್ಯೂ ಹ್ಯಾಂಪ್‌ಷೈರ್‌ನ ಟೆಂಪಲ್–ವಿಲ್ಟನ್ ಸಮುದಾಯ ತೋಟದ ಸ್ಥಾಪಕರಲ್ಲಿ ಒಬ್ಬರಾದ ಟ್ರಾಗರ್ ಗ್ರೋ ಜರ್ಮನಿಯಿಂದ ಬಂದವರು. ಎರಡೂ ಕಡೆ 1986ರ ಹಂಗಾಮಿನಲ್ಲಿ ತರಕಾರಿ ಬೇಸಾಯವು ಈ ಕ್ರಮದಲ್ಲಿ ಆರಂಭವಾಯಿತು.

ಎರಡೂ ತೋಟಗಳ ತತ್ತ್ವ ಒಂದೇ ಆದರೂ ಕ್ರಮ ಬೇರೆ. ಮೊದಲನೆಯದರಲ್ಲಿ ವರ್ಷದ ಒಟ್ಟು ವೆಚ್ಚವನ್ನು ಪಾಲುಗಳ ಸಂಖ್ಯೆಯಿಂದ ಭಾಗಿಸಲಾಗುತ್ತಿತ್ತು. ತೋಟವೊಂದರ ವಾರ್ಷಿಕ ವೆಚ್ಚ, ಕೃಷಿಕರ ಜೀವನ ನಿರ್ವಹಣೆಯೂ ಸೇರಿ, 6 ಲಕ್ಷ ರೂಪಾಯಿ ಎಂದೂ ಸದಸ್ಯ ಕುಟುಂಬಗಳು 60 ಎಂದೂ ಭಾವಿಸಿದರೆ, ಪ್ರತಿಯೊಂದು ಕುಟುಂಬವು ಬಿತ್ತನೆಗೆ ಮುನ್ನವೇ 10,000 ರೂಪಾಯಿ ನೀಡುತ್ತದೆ. ಪ್ರತಿ ವಾರ ಕೊಯ್ದದ್ದರಲ್ಲಿ ಅರುವತ್ತರಲ್ಲೊಂದು ಪಾಲು ಅದಕ್ಕೆ ಸಲ್ಲುತ್ತದೆ. ಫಸಲು ಹುಲುಸಾದರೆ ಪಾಲು ಹಿಗ್ಗುತ್ತದೆ, ಆಲಿಕಲ್ಲು ಬಿದ್ದರೆ ಕುಗ್ಗುತ್ತದೆ; ಕೊಟ್ಟ ಹಣ ಮಾತ್ರ ಬದಲಾಗದು. ಟೆಂಪಲ್–ವಿಲ್ಟನ್‌ನಲ್ಲಿ ಸಮಾನ ಪಾಲಿನ ನಿಯಮವೂ ಇಲ್ಲ. ವಾರ್ಷಿಕ ಸಭೆಯಲ್ಲಿ ಕೃಷಿಕರು ಆಯವ್ಯಯವನ್ನು ಮಂಡಿಸುತ್ತಾರೆ. ಸದಸ್ಯರು ತಮ್ಮ ಶಕ್ತ್ಯನುಸಾರ ವಂತಿಗೆಯನ್ನು ಘೋಷಿಸುತ್ತಾರೆ. ಮೊತ್ತವು ತುಂಬುವವರೆಗೆ ಈ ಘೋಷಣೆ ಮುಂದುವರಿಯುತ್ತದೆ. ಬಳಿಕ ಅವರವರ ಅಗತ್ಯಕ್ಕೆ ತಕ್ಕಂತೆ ತರಕಾರಿಯನ್ನು ಒಯ್ಯುತ್ತಾರೆ. ಹೀಗೆ ಬೆಲೆ ಎಂಬ ಪರಿಕಲ್ಪನೆಯೇ ಇಲ್ಲಿ ಹಿಂದೆ ಸರಿದಿದೆ.

ಸದಸ್ಯರ ಪಾಲ್ಗೊಳ್ಳುವಿಕೆ ಹಣಕ್ಕಷ್ಟೇ ಸೀಮಿತವಲ್ಲ. ಅನೇಕ ತೋಟಗಳಲ್ಲಿ ಅವರು ಕಳೆ ಕೀಳುವುದು, ಕೊಯ್ಲು, ಹಂಚಿಕೆ ಮುಂತಾದ ಕೆಲಸಗಳಿಗೆ ಬರುತ್ತಾರೆ. ಬೆಳೆ ಏಕೆ ಕೈಕೊಟ್ಟಿತೆಂಬುದನ್ನು ಹೊಲದಲ್ಲಿಯೇ ಕಂಡವರು ಮರುವರ್ಷವೂ ಪಾಲು ಕೊಳ್ಳುವುದು ಹೆಚ್ಚು ಸಂಭವನೀಯ. ಆದ್ದರಿಂದ ಶ್ರಮದಾನವು ಈ ವ್ಯವಸ್ಥೆಗೆ ಅಲಂಕಾರವಲ್ಲ, ಆಧಾರ.

ದೌರ್ಬಲ್ಯಗಳು

ಈ ಪದ್ಧತಿಯ ಮಿತಿಗಳನ್ನೂ ಜಪಾನಿನ ಅನುಭವವೇ ತೋರಿಸುತ್ತದೆ. ತೇಯ್ಕೇಯ್‌ನ ಹಂಚಿಕೆಯ ಭಾರವನ್ನು ಬಹುಪಾಲು ಹೊತ್ತವರು ನಗರದ ಗೃಹಿಣಿಯರು. ಅವರು ಉದ್ಯೋಗಗಳಿಗೆ ಸೇರತೊಡಗಿದಂತೆ ಸಂಬಳವಿಲ್ಲದ ಈ ದುಡಿಮೆಗೆ ಜನ ಸಿಗದಂತಾಯಿತು. ಸಾವಯವ ಪದಾರ್ಥಗಳು ಅಂಗಡಿಗಳಲ್ಲಿಯೇ ದೊರೆಯತೊಡಗಿದವು. 1999ರ ಕಾನೂನು ತಿದ್ದುಪಡಿಯ ನಂತರ ಜಾರಿಗೆ ಬಂದ ಸಾವಯವ ಮುದ್ರೆಯು ಪರಿಚಯದ ಸ್ಥಾನದಲ್ಲಿ ಪ್ರಮಾಣಪತ್ರವನ್ನು ತಂದು ನಿಲ್ಲಿಸಿತು. ಮುದ್ರೆಯು ಪದಾರ್ಥದ ಶುದ್ಧಿಗೆ ಸಾಕ್ಷಿ ನುಡಿಯಬಲ್ಲುದು. ಬರಗಾಲದಲ್ಲಿ ರೈತನ ಪಕ್ಕದಲ್ಲಿ ನಿಲ್ಲಲಾರದು. ಅನ್ಯತ್ರ ಕೂಡ, ವಾರವಾರಕ್ಕೆ ಹಣ ಪಡೆದು ಮನೆಬಾಗಿಲಿಗೆ ತರಕಾರಿ ಬುಟ್ಟಿ ತಲುಪಿಸುವ ಉದ್ಯಮಗಳು ಇದೇ ಹೆಸರನ್ನು ಬಳಸುವುದುಂಟು. ಮುಂಗಡವೂ ನಷ್ಟದ ಹಂಚಿಕೆಯೂ ಇಲ್ಲದಲ್ಲಿ ಹೆಸರು ಉಳಿದರೂ ತತ್ತ್ವ ಉಳಿಯದು.

ಕರ್ನಾಟಕದ ಸಂದರ್ಭ

ಫಸಲಿನ ಪಾಲು ಎಂಬ ಕಲ್ಪನೆ ಕನ್ನಡ ನಾಡಿಗೆ ಹೊಸತಲ್ಲ. ಕಣದಲ್ಲಿ ರಾಶಿಯಾದ ಮೇಲೆ ಬಡಗಿ, ಕಮ್ಮಾರ ಮೊದಲಾದ ಆಯಗಾರರಿಗೆ ಧಾನ್ಯವನ್ನು ಅಳೆದು ಕೊಡುವ ಪದ್ಧತಿ ಇತ್ತು. ಭೂಮಾಲೀಕ ಮತ್ತು ಉಳುವವನ ನಡುವೆ ಕೋರು ಬೇಸಾಯವಿತ್ತು. ಆದರೆ ಇವುಗಳನ್ನು ಸಮುದಾಯ ಬೆಂಬಲಿತ ಕೃಷಿಯ ಪೂರ್ವರೂಪವೆಂದು ಭಾವಿಸುವುದು ಸರಿಯಲ್ಲ. ಆಯವು ಜಾತಿಯಿಂದ ಬಂದ ಕಟ್ಟುಪಾಡು. ಕೋರಿನಲ್ಲಿ ಉಳುವವನ ದುಡಿಮೆಯ ಫಲ ಒಡೆಯನ ಪಾಲಾಗುತ್ತಿತ್ತು. ಹಂಚಿಕೆಯಾಗುತ್ತಿದ್ದುದು ಫಸಲೇ ಹೊರತು ಬೆಳೆಯುವ ವೆಚ್ಚವಲ್ಲ. ಸಮಾನರ ನಡುವಣ ಐಚ್ಛಿಕ ಒಪ್ಪಂದದಲ್ಲಿ, ಅದೂ ಬಿತ್ತನೆಗೆ ಮುಂಚೆ, ಹೊಣೆಯನ್ನು ಹಂಚಿಕೊಳ್ಳುವುದು ಇದಕ್ಕಿಂತ ಭಿನ್ನವಾದುದು. ಶ್ರಮದ ವಿನಿಮಯವಾದ ಮುಯ್ಯಾಳು ಪದ್ಧತಿಯು ಭಾವದಲ್ಲಿ ಇದಕ್ಕೆ ಹೆಚ್ಚು ಸಮೀಪ.

ಆಧುನಿಕ ಕಾಲದಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭಗೊಂಡ ಹಾಪ್‌ಕಾಮ್ಸ್ ತೋಟಗಾರರಿಗೂ ನಗರವಾಸಿಗಳಿಗೂ ನಡುವಿನ ದೂರವನ್ನು ತಗ್ಗಿಸಿತು. ಇದು ಗಣನೀಯ ಸಾಧನೆ. ಆದರೂ ಬೆಳೆ ಕೈಗೆ ಬಾರದಿದ್ದರೆ ಅದರ ನಷ್ಟ ಬೆಳೆದವನದೇ. ಕೋಲಾರದ ಟೊಮ್ಯಾಟೊ ಬೆಳೆಗಾರರ ಸ್ಥಿತಿ ಇದಕ್ಕೆ ನಿದರ್ಶನ. 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿಯನ್ನು ಮೀರಿದ ಈ ಹಣ್ಣು, ಬೆಲೆ ಕುಸಿದ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆಯ ಬದಿಗೆ ಬಿದ್ದದ್ದುಂಟು. ಹಂಗಾಮಿನ ವೆಚ್ಚವು ಮುಂಗಡವಾಗಿಯೇ ದೊರೆತ ಕೃಷಿಕನು ಈ ಎರಡು ತುದಿಗಳ ನಡುವಣ ತೂಗಾಟದಿಂದ ಪಾರಾಗಬಲ್ಲನು.

ಈ ಪದ್ಧತಿಯನ್ನು ಸರ್ವರೋಗ ಪರಿಹಾರವೆಂದು ಬಗೆಯುವಂತಿಲ್ಲ. ನಗರಗಳಿಗೆ ಸಮೀಪವಿದ್ದು ಹತ್ತಾರು ಬಗೆಯ ತರಕಾರಿ ಬೆಳೆಯುವ ಸಣ್ಣ ಹಿಡುವಳಿಗಳಿಗೆ ಇದು ಒಗ್ಗುತ್ತದೆ. ದೂರದ ಒಣಭೂಮಿಯಲ್ಲಿ ಜೋಳವನ್ನೋ ತೊಗರಿಯನ್ನೋ ನಂಬಿದವರಿಗೆ ಸುಲಭವಾಗಿ ಎಟುಕದು. ಹಂಗಾಮಿನ ಹಣವನ್ನು ಒಮ್ಮೆಗೇ ತೆರಬಲ್ಲ ಅನುಕೂಲ ಎಲ್ಲ ಗ್ರಾಹಕರಿಗೂ ಇಲ್ಲ. ಶಕ್ತ್ಯನುಸಾರ ವಂತಿಗೆಯ ಕ್ರಮವು ಈ ಕೊರತೆಯನ್ನು ಭಾಗಶಃ ತುಂಬಬಲ್ಲುದು. ಒಟ್ಟಿನಲ್ಲಿ ಹೇಳುವುದಾದರೆ, ಇಂತಹ ಯಾವುದೇ ಪ್ರಯೋಗವನ್ನು ಅಳೆಯಬೇಕಾದುದು ಸದಸ್ಯರ ಸಂಖ್ಯೆಯಿಂದಲ್ಲ, ತರಕಾರಿಯ ಗುಣಮಟ್ಟದಿಂದಲೂ ಅಲ್ಲ. ಬೆಳೆ ಹೋದ ವರ್ಷದಲ್ಲಿ ಆ ನಷ್ಟವು ಎಷ್ಟು ಮನೆಗಳಲ್ಲಿ ಹಂಚಿಕೆಯಾಯಿತು ಎಂಬುದೇ ಅದರ ನಿಜವಾದ ಮಾನದಂಡ.